ಬಳಸಿದ ತೆರೆಹಲಗೆಯನ್ನು ಕೊಳ್ಳುವಾಗ

ಕಡಲಿಲ್ಲದ ಕೋಲಾರದವರಿಗೆ ತೆರೆಯ ಮೇಲಿನ ಸವಾರಿಯ ಮಾತೇಕೆಂದು ವಾಚಕರು ಕೇಳಬಹುದು. ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಹುಟ್ಟಿದ ಮೇಲೆ ಸರ್ಫಿಂಗ್ ವಿದ್ಯೆ ಕನ್ನಡನಾಡಿನದೂ ಆಗಿದೆ. ಮುಳಬಾಗಿಲಿನ ಹುಡುಗನೂ ಹೋಗಿ ಕಲಿಯಬಹುದು. ಹೊಸಬನಿಗೆ 9 ಅಡಿ ಅಥವಾ ಅದಕ್ಕೂ ಉದ್ದವಾದ ಲಾಂಗ್‌ಬೋರ್ಡೇ ಲೇಸು. ಚೆನ್ನಾಗಿ ತೇಲುತ್ತದೆ, ಸುಲಭವಾಗಿ ಮಗುಚದು. ಹೊಸದಕ್ಕೆ ಹಣ ಸಾಲದಿದ್ದರೆ ಬಳಸಿದ್ದನ್ನೇ ಪರೀಕ್ಷಿಸಿ ಕೊಳ್ಳಬೇಕು.

ಹಲಗೆಯೆಂಬುದು ಹೆಸರಿಗೆ ಮಾತ್ರ. ಸಾಮಾನ್ಯವಾಗಿ ಒಳಗಿರುವುದು ನೊರೆಯಂತೆ ಹಗುರವಾದ ಪ್ಲಾಸ್ಟಿಕ್. ಮೇಲಿನದು ರಾಳ ಹೀರಿದ ಗಾಜುನಾರಿನ ಬಟ್ಟೆ. ಈ ಚಿಪ್ಪು ಬಿರಿದರೆ ಒಡಲು ನೀರು ಕುಡಿದು ಭಾರವಾಗುತ್ತದೆ. ಬಿಸಿಲಿಗೆ ಹಳದಿಯಾಗಿದ್ದರೆ ಅಂಜಬೇಕಾಗಿಲ್ಲ. ಹೊಸದಾಗಿ ಬಣ್ಣ ಬಳಿದಿದ್ದರೇ ಸಂಶಯ. ಶ್ರೀನಿವಾಸಪುರದ ಮಾವನ್ನು ಒತ್ತಿ ನೋಡುವಂತೆ, ಕಾಲೂರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿರಿ. ಮೆತ್ತಗೆ ತಗ್ಗಿದರೆ ಬಟ್ಟೆ ಒಡಲಿನಿಂದ ಬಿಟ್ಟಿದೆಯೆಂದೇ ತಿಳಿಯಿರಿ. ಮಾಲೂರಿನ ಹೆಂಚನ್ನು ತಟ್ಟಿ ಕೊಳ್ಳುವವರಿಗೆ ಇದನ್ನೂ ತಟ್ಟಿ ನೋಡಲು ಹೇಳಿಕೊಡಬೇಕೆ? ಒಂದೆಡೆ ನಾದ ಬೇರೆಯಾದರೆ ಅಲ್ಲಿ ದೋಷವಿದೆ. ಅಡಿಯ ರೆಕ್ಕೆಯನ್ನು ಅಲ್ಲಾಡಿಸಿ, ಬುಡದಲ್ಲಿ ಬಿರುಕಿದೆಯೇ ನೋಡಿರಿ. ನಡುವೆ ಅಡ್ಡಲಾಗಿ ಮಡಿಕೆಯ ಗೆರೆಯಿದ್ದರೆ ಅದು ಮುರಿಯುವಷ್ಟು ಬಾಗಿದ ಹಲಗೆ; ಬೆಲೆ ಎಷ್ಟಿಳಿದರೂ ಬೇಡ.

ಕಾಲಿಗೆ ಕಟ್ಟುವ ಹಗ್ಗ ಮಾತ್ರ ಹೊಸದೇ ಇರಲಿ. ಅದು ಹರಿದರೆ ಹಲಗೆ ದಡದತ್ತ, ಮೀಯುವವರ ಮೇಲೆ ನುಗ್ಗುತ್ತದೆ. ಬಾವಿಯಲ್ಲಿ ಈಜು ಕಲಿತ ನಮ್ಮ ಹುಡುಗ ಆಸರೆಯಿಲ್ಲದೆ ಕಡಲಲ್ಲಿ ಉಳಿಯುತ್ತಾನೆ.