ಕಂಪ್ಯೂಟರ್ ಸರ್ಟಿಫಿಕೇಟ್: ಹಳೆಯ ದಾರಿಯೋ, ಹೊಸ ದಾರಿಯೋ?

ಕಳೆದ ತಿಂಗಳು ಜುಮಾ ನಮಾಜಿನ ನಂತರ ಕುಷ್ಟಗಿ ಕಡೆಯ ಒಬ್ಬ ತಂದೆ ನಮ್ಮ ಬಳಿ ಬಂದು ಕುಳಿತರು. ಕೈಯಲ್ಲಿ ಬಣ್ಣದ ಕರಪತ್ರ. 'ಎಂಸಿಎಸ್‌ಇ ಸಂಪೂರ್ಣ ಕೋರ್ಸ್, ನೌಕರಿ ಗ್ಯಾರಂಟಿ' ಎಂದು ಅದರಲ್ಲಿ ಅಚ್ಚಾಗಿತ್ತು. ಬಿ.ಕಾಂ. ಮುಗಿಸಿದ ಎರಡನೇ ಮಗನನ್ನು ಇದಕ್ಕೆ ಸೇರಿಸಬೇಕೋ ಬೇಡವೋ ಎಂದು ಕೇಳಿದರು. ನಾವು ಕೂಡಲೇ ಉತ್ತರ ಕೊಡಲಿಲ್ಲ. ಇದೇ ಪ್ರಶ್ನೆಗೆ 2022ರಲ್ಲಿ ನಾವು ತಪ್ಪು ಉತ್ತರ ಕೊಟ್ಟಿದ್ದೇವೆ.

ಆಗ ಕೇಳಿದವರು ಗಂಗಾವತಿಯ ಒಂದು ಮನೆಯವರು. ತಂದೆ ರೈಸ್ ಮಿಲ್ಲಿನಲ್ಲಿ ಹಮಾಲಿ. ನಮ್ಮ ಪರಿಚಯದವರೊಬ್ಬರು ಹಿಂದೆ ಇದೇ ಎಂಸಿಎಸ್‌ಇ ಮಾಡಿ ದಮ್ಮಾಮಿಗೆ ಹೋಗಿ ದುಡಿದು, ಊರಿನಲ್ಲಿ ಮನೆ ಕಟ್ಟಿಸಿದ್ದರು. ಅದನ್ನೇ ನೆನೆದು "ಒಳ್ಳೆಯ ಕೋರ್ಸು, ಸೇರಿಸಿ" ಎಂದುಬಿಟ್ಟೆವು. ಹುಡುಗ ಹೊರ ಊರಿನ ಒಂದು ತರಬೇತಿ ಕೇಂದ್ರಕ್ಕೆ ಎರಡು ಕಂತಿನಲ್ಲಿ 38 ಸಾವಿರ ರೂಪಾಯಿ ಕಟ್ಟಿದ. ತಾಯಿಯ ಕಿವಿಯೋಲೆ ಅದರಲ್ಲಿ ಹೋಯಿತು. ಎಂಟು ತಿಂಗಳು ಕಲಿತು ಪರೀಕ್ಷೆಗೆ ಹೆಸರು ನೋಂದಾಯಿಸಲು ಕುಳಿತಾಗ ತಿಳಿದದ್ದು, ಆ ಪರೀಕ್ಷೆಯೇ ಈಗಿಲ್ಲ ಎಂದು. ಕೇಂದ್ರದವರು ತಮ್ಮದೇ ಹೆಸರಿನ ಒಂದು ಕಾಗದ ಕೊಟ್ಟು ಕಳುಹಿಸಿದರು. ಮದರಸದಲ್ಲಿ ಓದಿ ಬಿ.ಎ. ಮಾಡಿದ ನಮಗೆ ಸರ್ವರ್, ನೆಟ್‌ವರ್ಕ್ ಎಂಬುದೆಲ್ಲ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದನ್ನು ಬಿಟ್ಟು ಸಲಹೆ ಕೊಟ್ಟೆವು. ಆಮೇಲೆ ಆ ಹುಡುಗನನ್ನೂ, ಕೊಪ್ಪಳ ಮತ್ತು ಯಲಬುರ್ಗಾದಲ್ಲಿ ಈ ಕೆಲಸ ಬಲ್ಲ ಒಂದಿಬ್ಬರನ್ನೂ ಕೂರಿಸಿಕೊಂಡು ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಎಂಸಿಎಸ್‌ಇ ಎನ್ನುವುದು ಮೈಕ್ರೋಸಾಫ್ಟ್ ಕಂಪನಿ 1990ರ ದಶಕದಲ್ಲಿ ಶುರುಮಾಡಿದ ಸರ್ಟಿಫಿಕೇಟ್. ಕಂಪನಿಯ ಸರ್ವರ್ ಕಂಪ್ಯೂಟರ್‌ಗಳನ್ನು ನಡೆಸಬಲ್ಲವನು ಎಂದು ಅದರ ಅರ್ಥ. ವಿಂಡೋಸ್ ಸರ್ವರ್‌ನ ಒಂದೊಂದು ಆವೃತ್ತಿಗೂ ಅದು ಬೇರೆ ಬೇರೆ ಇರುತ್ತಿತ್ತು; 2003ರ ಆವೃತ್ತಿಗೆ ಏಳು ಪರೀಕ್ಷೆ ಬರೆಯಬೇಕಿತ್ತು. ನಡುವೆ ಕೆಲವು ವರ್ಷ ಎಂಸಿಐಟಿಪಿ ಎಂಬ ಹೆಸರು ಬಂತು. 2012ರಲ್ಲಿ ಮತ್ತೆ ಎಂಸಿಎಸ್‌ಇ ಎಂಬ ಹೆಸರೇ ಮರಳಿತು, ಅದರ ಕೆಳಗಿನ ಮೆಟ್ಟಿಲು ಎಂಸಿಎಸ್‌ಎ. ಕೊನೆಗೆ ಇವೆರಡರ ಪರೀಕ್ಷೆಗಳನ್ನೂ 2020ರ ಜೂನ್ 30ಕ್ಕೆ ನಿಲ್ಲಿಸುವುದೆಂದು ಕಂಪನಿ ಹೇಳಿತು. ಕೊರೊನಾ ಬಂದದ್ದರಿಂದ ಗಡುವನ್ನು ಮುಂದೂಡಿ 2021ರ ಜನವರಿ 31ರಂದು ನಿಲ್ಲಿಸಿತು. ಅಂದರೆ ನಮ್ಮ ಹುಡುಗ ಮೊದಲ ಕಂತು ಕಟ್ಟುವ ವೇಳೆಗೆ ಬಾಗಿಲು ಮುಚ್ಚಿ ವರ್ಷವೇ ಕಳೆದಿತ್ತು.

ಏಕೆ ನಿಲ್ಲಿಸಿದರು? ನಮ್ಮ ಅಜ್ಜಿಯರ ಕಾಲದಲ್ಲಿ ಮನೆಮನೆಗೂ ಬೀಸುವ ಕಲ್ಲು ಇತ್ತು. ಕಲ್ಲು ಮನೆಯದು, ಅದನ್ನು ಮುಳ್ಳು ಹಾಕಿಸುವ ಖರ್ಚೂ ಮನೆಯದೇ. ಈಗ ಜೋಳವನ್ನು ಗಿರಣಿಗೆ ಒಯ್ಯುತ್ತೇವೆ, ಬೀಸಿದಷ್ಟಕ್ಕೆ ದುಡ್ಡು ಕೊಡುತ್ತೇವೆ. ಕಂಪನಿಗಳೂ ಹಾಗೆಯೇ. ಮೊದಲು ತಮ್ಮ ಕಟ್ಟಡದಲ್ಲೇ ಎಸಿ ಹಾಕಿದ ಕೋಣೆಯಲ್ಲಿ ಸರ್ವರ್ ಇಟ್ಟುಕೊಳ್ಳುತ್ತಿದ್ದವು. ಈಗ ದೊಡ್ಡ ಕಂಪನಿಗಳ ಡೇಟಾ ಸೆಂಟರ್‌ನಲ್ಲಿ ಬಾಡಿಗೆಗೆ ಪಡೆಯುತ್ತವೆ. ಇದಕ್ಕೇ ಕ್ಲೌಡ್ ಎನ್ನುವುದು. ಹೆಸರು ಮೋಡವಾದರೂ ಯಂತ್ರಗಳು ನೆಲದ ಮೇಲೆಯೇ ಇವೆ. ಮೈಕ್ರೋಸಾಫ್ಟಿನ ಅಜೂರ್ ಎಂಬ ಕ್ಲೌಡಿನ ಕೇಂದ್ರಗಳು 2015ರಿಂದ ಪುಣೆ, ಮುಂಬೈ, ಚೆನ್ನೈಗಳಲ್ಲಿವೆ.

ಹೀಗಾಗಿ ಸರ್ಟಿಫಿಕೇಟುಗಳ ರೀತಿಯೂ ಬದಲಾಯಿತು. ಹಳೆಯದು 'ನಿನಗೆ ಈ ಸಾಫ್ಟ್‌ವೇರ್ ಗೊತ್ತೇ' ಎಂದು ಕೇಳುತ್ತಿತ್ತು. ಹೊಸದು 'ನಿನಗೆ ಈ ಕೆಲಸ ಬರುತ್ತದೆಯೇ' ಎಂದು ಕೇಳುತ್ತದೆ. ಹೊಸಬರಿಗೆ ಎಝಡ್-900 ಎಂಬ ಪ್ರಾಥಮಿಕ ಪರೀಕ್ಷೆ ಇದೆ. ಅದರ ಮೇಲೆ ಎಝಡ್-104. ಇದು ಅಜೂರ್ ನಿರ್ವಾಹಕನ ಕೆಲಸಕ್ಕೆ. ಕಂಪನಿಯ ಸ್ವಂತ ಸರ್ವರ್ ಮತ್ತು ಕ್ಲೌಡ್ ಎರಡನ್ನೂ ನೋಡಿಕೊಳ್ಳುವವರಿಗೆ ಎಝಡ್-800 ಮತ್ತು 801 ಎಂಬ ಜೋಡಿ ಪರೀಕ್ಷೆ ಇದೆ. ಹಳೆಯ ಎಂಸಿಎಸ್‌ಇ ಓದಿದವರ ಕಲಿಕೆ ಹೆಚ್ಚು ಉಪಯೋಗಕ್ಕೆ ಬರುವುದು ಈ ಜೋಡಿಯಲ್ಲೇ. ಆದ್ದರಿಂದ ಹಳೆಯ ಸರ್ಟಿಫಿಕೇಟ್ ಇರುವವರು ಅದನ್ನು ಹರಿದು ಹಾಕಬೇಕಿಲ್ಲ. ಪಾಸಾದದ್ದು ಕಂಪನಿಯ ದಾಖಲೆಯಲ್ಲಿ ಇದ್ದೇ ಇರುತ್ತದೆ. ಅವರು ಅ ಆ ಇ ಈಯಿಂದ ಶುರುಮಾಡದೆ ನೇರವಾಗಿ ಮೇಲಿನ ಮೆಟ್ಟಿಲಿಗೆ ಹೋಗಬಹುದು.

ಹೊಸ ದಾರಿಗೂ ಒಂದು ತೊಡಕಿದೆ. ಎಝಡ್-104ರಂತಹ ಸರ್ಟಿಫಿಕೇಟಿನ ಆಯುಷ್ಯ ಒಂದೇ ವರ್ಷ. ಮುಗಿಯುವ ಆರು ತಿಂಗಳು ಮೊದಲಿಂದ ಆನ್‌ಲೈನಿನಲ್ಲಿ ನವೀಕರಣ ಪರೀಕ್ಷೆ ಬರೆಯಬಹುದು, ಅದಕ್ಕೆ ದುಡ್ಡಿಲ್ಲ. ಆದರೆ ಮರೆತರೆ ಮತ್ತೆ ಶುಲ್ಕ ಕಟ್ಟಿ ಪೂರ್ಣ ಪರೀಕ್ಷೆ ಬರೆಯಬೇಕು. ಒಮ್ಮೆ ಪಾಸಾಗಿ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವ ಕಾಲ ಹೋಯಿತು. ಪ್ರಾಥಮಿಕ ಎಝಡ್-900ಕ್ಕೆ ಮಾತ್ರ ಈ ಅವಧಿಯ ಕಟ್ಟು ಇಲ್ಲ. ಉತ್ತೀರ್ಣರಾಗಲು ಸಾವಿರಕ್ಕೆ 700 ಬೇಕು. ಶುಲ್ಕ ದೇಶದಿಂದ ದೇಶಕ್ಕೆ ಬೇರೆ. ಎಝಡ್-104ಕ್ಕೆ ಅಮೆರಿಕದಲ್ಲಿ 165 ಡಾಲರ್, ನಮ್ಮ ದೇಶದಲ್ಲಿ ಅದಕ್ಕಿಂತ ಕಡಿಮೆ. ಓದುವ ಪಾಠಗಳನ್ನು ಮೈಕ್ರೋಸಾಫ್ಟ್ ಲರ್ನ್ ಎಂಬ ತನ್ನ ತಾಣದಲ್ಲಿ ಕಂಪನಿಯೇ ಉಚಿತವಾಗಿ ಇಟ್ಟಿದೆ. ಪರೀಕ್ಷೆ ಕನ್ನಡದಲ್ಲಿ ಇಲ್ಲ, ಆದ್ದರಿಂದ ಇಂಗ್ಲಿಷ್ ಓದಿ ಅರ್ಥಮಾಡಿಕೊಳ್ಳುವ ಅಭ್ಯಾಸ ಮೊದಲು ಬೇಕು. ಎಷ್ಟೋ ಮಕ್ಕಳು ಎಡವುವುದು ಕಂಪ್ಯೂಟರಿನಲ್ಲಲ್ಲ, ಇಲ್ಲಿಯೇ.

ಸಿಸ್ಕೋ ಕಂಪನಿಯ ಸಿಸಿಎನ್‌ಎ ಕಥೆ ಸ್ವಲ್ಪ ಬೇರೆ. ಇದು 1998ರಿಂದ ಇದೆ, ಹೆಸರು ಸತ್ತಿಲ್ಲ. ಆದರೆ ಮೊದಲು ರೂಟಿಂಗ್-ಸ್ವಿಚಿಂಗ್, ಸೆಕ್ಯುರಿಟಿ, ವೈರ್‌ಲೆಸ್ ಎಂದು ಹಲವು ಬಗೆ ಇದ್ದವು, ಕೆಳಗೆ ಸಿಸಿಇಎನ್‌ಟಿ ಎಂಬ ಮೆಟ್ಟಿಲಿತ್ತು. 2020ರ ಫೆಬ್ರವರಿ 24ರಿಂದ ಅವನ್ನು ಸೇರಿಸಿ ಒಂದೇ ಸಿಸಿಎನ್‌ಎ ಮಾಡಿದರು. ಪರೀಕ್ಷೆಯ ಸಂಖ್ಯೆ 200-301. ಅವಧಿ ಮೂರು ವರ್ಷ. ಶುಲ್ಕ 300 ಡಾಲರ್, ತೆರಿಗೆ ಬೇರೆ. ನಮ್ಮವರಿಗೆ ಇದು ಸಣ್ಣ ಮೊತ್ತವಲ್ಲ, ಆದ್ದರಿಂದ ತಯಾರಿ ಇಲ್ಲದೆ 'ನೋಡೋಣ' ಎಂದು ಬರೆಯುವ ಪರೀಕ್ಷೆ ಇದಲ್ಲ. ಅಭ್ಯಾಸಕ್ಕೆ ಮಾತ್ರ ಖರ್ಚಿಲ್ಲ. ಸಿಸ್ಕೋದ ಪ್ಯಾಕೆಟ್ ಟ್ರೇಸರ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ, ಹಳೆಯ ಲ್ಯಾಪ್‌ಟಾಪ್ ಇದ್ದರೂ, ರೂಟರ್‌ಗಳನ್ನು ಜೋಡಿಸಿ ಕಲಿಯಬಹುದು.

ಎರಡರಲ್ಲಿ ಯಾವುದು ಎಂದು ಕೇಳಿದರೆ, ಕಂಪ್ಯೂಟರ್ ಹಿನ್ನೆಲೆ ಇಲ್ಲದ ಪದವೀಧರನಿಗೆ ನಾವು ಮೊದಲು ಸಿಸಿಎನ್‌ಎ ಪಾಠಗಳನ್ನೇ ಓದು ಎನ್ನುತ್ತೇವೆ, ಪರೀಕ್ಷೆ ಬರೆಯಲಿ ಬಿಡಲಿ. ಐಪಿ ವಿಳಾಸ ಎಂದರೇನು, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಮಾಹಿತಿ ಹೇಗೆ ಹೋಗುತ್ತದೆ ಎಂಬುದು ಸರ್ವರ್ ಕೋಣೆಯಲ್ಲಿದ್ದರೂ ಕ್ಲೌಡಿನಲ್ಲಿದ್ದರೂ ಬದಲಾಗುವುದಿಲ್ಲ. ಅಡಿಪಾಯ ಇಲ್ಲದೆ ಎಝಡ್-104ಕ್ಕೆ ಹಾರಿದವರು ಬಾಯಿಪಾಠ ಮಾಡುತ್ತಾರೆ, ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೆ ನಿಲ್ಲುತ್ತಾರೆ. ಡಿಗ್ರಿ ಅರ್ಧಕ್ಕೆ ಬಿಟ್ಟು ಇದರ ಹಿಂದೆ ಹೋಗುವುದಂತೂ ಬೇಡ.

ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳ ದಾರಿ ಬೇರೆ. ಅವರಿಗೆ ಐಟಿಐಯಲ್ಲಿ ಒಂದು ವರ್ಷದ 'ಕೋಪಾ' ಎಂಬ ಕಂಪ್ಯೂಟರ್ ಆಪರೇಟರ್ ವಿಭಾಗ ಇದೆ. ಈ ಸರ್ಕಾರಿ ಪ್ರಮಾಣಪತ್ರಕ್ಕೆ ಅವಧಿ ಮುಗಿಯುವ ಭಯವಿಲ್ಲ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೆ ಏರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಗಿದೆ. ಹೊಸ ಯಂತ್ರಗಳ ಕೋರ್ಸುಗಳೂ ಅಲ್ಲಿವೆ. ಡಿಓಇಎಸಿಸಿ ಎಂದು ಹಿರಿಯರಿಗೆ ಗೊತ್ತಿದ್ದ ಕೇಂದ್ರ ಸರ್ಕಾರದ ಸಂಸ್ಥೆ 2011ರಿಂದ ನೈಲಿಟ್ ಆಗಿದೆ. ಅದರ 'ಓ' ಲೆವೆಲ್ ಇಂದಿಗೂ ನಡೆಯುತ್ತಿದೆ. ಸರ್ಕಾರಿ ನೌಕರಿಯ ಮೇಲೆ ಕಣ್ಣಿರುವವರು ಅಧಿಸೂಚನೆಯಲ್ಲಿ ಯಾವ ಪ್ರಮಾಣಪತ್ರ ಕೇಳಿದ್ದಾರೆ ಎಂದು ಓದಿ ಅದನ್ನೇ ಮಾಡಬೇಕು. ಅಲ್ಲಿ ಬೇರೊಂದನ್ನು ಕೇಳಿರುವಾಗ ಸಿಸಿಎನ್‌ಎ ತೋರಿಸಿದರೆ ನಡೆಯುವುದಿಲ್ಲ.

ಕರಪತ್ರ ಹಿಡಿದು ಬಂದ ತಂದೆಗೆ ನಾವು ಹೇಳಿದ್ದು ಇಷ್ಟೇ: ದುಡ್ಡು ಕಟ್ಟುವ ಮೊದಲು ಕೇಂದ್ರದವರನ್ನು ಪರೀಕ್ಷೆಯ ಸಂಖ್ಯೆ ಕೇಳಿ, ಕಾಗದದ ಮೇಲೆ ಬರೆಸಿಕೊಳ್ಳಿ. ಮಗನಿಂದ ಆ ಸಂಖ್ಯೆಯನ್ನು ಮೈಕ್ರೋಸಾಫ್ಟ್ ಅಥವಾ ಸಿಸ್ಕೋದ ಸ್ವಂತ ತಾಣದಲ್ಲಿ ಹುಡುಕಿಸಿ. ನಿಂತುಹೋಗಿದ್ದರೆ ಅಲ್ಲಿ ಹೇಳಿರುತ್ತಾರೆ. ಕಟ್ಟುವ ಫೀಸಿನಲ್ಲಿ ಪರೀಕ್ಷಾ ಶುಲ್ಕ ಸೇರಿದೆಯೇ, ಸರ್ಟಿಫಿಕೇಟಿನ ಮೇಲೆ ಯಾರ ಹೆಸರಿರುತ್ತದೆ ಎಂದೂ ಕೇಳಿ. ಸಂಖ್ಯೆ ಕೇಳಿದ ಕೂಡಲೇ ಮಾತು ತಿರುಗಿಸುವ ಕಡೆ ಬಡ್ಡಿಗೆ ಸಾಲ ತಂದು ಸುರಿಯುವುದು ಬೇಡ.

'ಡಂಪ್' ಎಂಬ ಹೆಸರಿನಲ್ಲಿ ಕದ್ದ ಪ್ರಶ್ನೆಗಳನ್ನು ಮಾರುವವರಿದ್ದಾರೆ. ಅದು ಕಳವಿನ ಮಾಲು ಎಂದಷ್ಟೇ ಹೇಳುತ್ತೇವೆ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ, ಮುಂದೆ ಪರೀಕ್ಷೆ ಬರೆಯಲೂ ಬಿಡುವುದಿಲ್ಲ.

ಈ ಪರೀಕ್ಷೆಗಳನ್ನು ಮನೆಯಲ್ಲಿ ಕುಳಿತೂ ಬರೆಯಬಹುದು ಎಂಬುದನ್ನು ಹೆಣ್ಣುಮಕ್ಕಳಿರುವ ಮನೆಯವರು ಗಮನಿಸಬೇಕು. ಕುಷ್ಟಗಿಗೆ ಈಗ ಹುಬ್ಬಳ್ಳಿಯಿಂದ ರೈಲು ಬಂದಿದೆ ನಿಜ, ಆದರೂ ಪ್ರಯಾಣವೇ ಬೇಡವೆಂದರೆ ದಾರಿ ಇದೆ. ಪರೀಕ್ಷೆ ನಡೆಯುವಷ್ಟು ಹೊತ್ತು ಕ್ಯಾಮೆರಾದಲ್ಲಿ ಒಬ್ಬರು ನೋಡುತ್ತಿರುತ್ತಾರೆ. ಬಾಗಿಲು ಮುಚ್ಚಿದ ಕೋಣೆ ಬೇಕು, ಮೊಬೈಲ್ ಕೈಗೆ ಸಿಗಬಾರದು, ಬೇರೆ ಯಾರೂ ಒಳಗೆ ಬರಬಾರದು. ಕೂಡು ಕುಟುಂಬದಲ್ಲಿ ಚಿಕ್ಕ ಮಗು ಬಾಗಿಲು ತಳ್ಳಿಕೊಂಡು ಬಂದರೂ ಪರೀಕ್ಷೆ ನಿಲ್ಲಿಸಬಹುದು, ಶುಲ್ಕ ಹೋಗುತ್ತದೆ. ಮನೆಯವರೆಲ್ಲರಿಗೂ ಮೊದಲೇ ಹೇಳಿಡಿ.

ಗಂಗಾವತಿಯ ಆ ಹುಡುಗ ಈಗ ಹಗಲು ಮೊಬೈಲ್ ಅಂಗಡಿಯಲ್ಲಿ ದುಡಿದು, ರಾತ್ರಿ ಓದಿ, ಎಝಡ್-800ಕ್ಕೆ ತಯಾರಾಗಿದ್ದಾನೆ. ಕಳೆದ ವಾರ ಇನ್ನೊಂದು ತೊಡಕು ಎದುರಾಯಿತು. ನೋಂದಣಿಯಲ್ಲಿ ಕೊಡುವ ಹೆಸರು, ಪರೀಕ್ಷೆಯ ದಿನ ತೋರಿಸುವ ಗುರುತಿನ ಚೀಟಿಯ ಹೆಸರಿನ ಜೊತೆ ಹೊಂದಬೇಕು. ಅವನ ಅಂಕಪಟ್ಟಿಯಲ್ಲಿ 'ಮಹಮ್ಮದ್' ಪೂರ್ತಿ ಇದೆ, ಡ್ರೈವಿಂಗ್ ಲೈಸೆನ್ಸಿನಲ್ಲಿ ಬರೀ 'ಎಂ.ಡಿ.' ಇದೆ. ಅಂಕಪಟ್ಟಿಯಲ್ಲಿರುವಂತೆಯೇ ಪಾಸ್‌ಪೋರ್ಟ್ ಮಾಡಿಸಿಕೊಳ್ಳಲು ಅರ್ಜಿ ಹಾಕಿದ್ದಾನೆ. ಅದು ಕೈಗೆ ಬಂದ ಮೇಲೆಯೇ ದಿನಾಂಕ ಗೊತ್ತುಮಾಡುತ್ತಾನೆ. ಈ ಬಾರಿ ಪರೀಕ್ಷಾ ಶುಲ್ಕವನ್ನು ಅವನ ದುಡಿಮೆಯಿಂದ ತೆಗೆಯಬೇಡ ಎಂದು ನಾವು ಹೇಳಿದ್ದೇವೆ. ತಪ್ಪು ಸಲಹೆ ಕೊಟ್ಟವರು ನಾವು, ಅದು ನಮ್ಮ ಲೆಕ್ಕಕ್ಕೆ.