ಕೆರೆಯ ಮೀನಿಗೆ ಹುಣ್ಣು ಬಿದ್ದರೆ...

ನಮ್ಮ ಕಾಸರಗೋಡಿನ ಕಡೆ ಅಡಿಕೆ ತೋಟದ ಕೆರೆಯಲ್ಲೂ, ಕಲ್ಲು ಕಡಿದು ಬಿಟ್ಟ ಹೊಂಡದಲ್ಲೂ ಮೀನು ಸಾಕುವ ಮನೆಗಳಿವೆ. ಊಟಕ್ಕೆ ಪದಾರ್ಥವಾಯಿತು, ಮಿಕ್ಕದ್ದನ್ನು ಮಾರಿದರೆ ಮಕ್ಕಳ ಫೀಸಿಗೊಂದು ದಾರಿಯೂ ಆಯಿತು. ದನಕ್ಕೆ ಜ್ವರ ಬಂದರೆ ಕೊಟ್ಟಿಗೆಗೆ ಹೋದಾಗಲೇ ತಿಳಿಯುತ್ತದೆ. ಮೀನಿನ ಕಾಯಿಲೆ ಹಾಗಲ್ಲ, ಅದು ನೀರಿನಡಿಯಲ್ಲಿರುತ್ತದೆ. ಸತ್ತ ಮೀನು ತೇಲಿ ಬರುವ ಹೊತ್ತಿಗೆ ವರ್ಷದ ದುಡಿಮೆಯಲ್ಲಿ ಅರ್ಧ ಹೋಗಿರುತ್ತದೆ. ಆದ್ದರಿಂದ ನಾವು ಮದ್ದಿನ ಬಾಟಲಿ ಹುಡುಕುವ ಮೊದಲು ನೀರನ್ನು ನೋಡಲು ಕಲಿಯಬೇಕು.

ಸಿಹಿನೀರಿನ ಮೀನಿಗೆ ಬರುವ ರೋಗಗಳಲ್ಲಿ ದೊಡ್ಡದು ಹುಣ್ಣು ರೋಗ. 1971ರಲ್ಲಿ ಜಪಾನಿನಲ್ಲಿ ಮೊದಲು ಕಂಡ ಇದು 1988ರಲ್ಲಿ ಭಾರತದ ಈಶಾನ್ಯ ರಾಜ್ಯಗಳಿಗೆ ಬಂತು. 1991ರಲ್ಲಿ ಕೇರಳವನ್ನೂ ಮುಟ್ಟಿತು. ಆಗ ಹುಣ್ಣು ಕಂಡು ಹೆದರಿದ ಜನ ಮೀನು ಕೊಳ್ಳುವುದನ್ನೇ ಬಿಟ್ಟರು. ಒಳ್ಳೆಯ ಮೀನಿಗೂ ಬೆಲೆ ಇಲ್ಲದಾಯಿತು. ನಿಜಕ್ಕೂ ಈ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಆದರೂ ಹುಣ್ಣಾದ ಮೀನನ್ನು ತಿನ್ನಬಾರದು, ಮಾರಲೂ ಬಾರದು; ಆ ಗಾಯದಲ್ಲಿ ಬೇರೆ ರೋಗಾಣುಗಳು ಸೇರಿರುತ್ತವೆ.

ಇದಕ್ಕೆ ಕಾರಣ ಅಫನೊಮೈಸಿಸ್ ಇನ್ವೇಡನ್ಸ್ ಎಂಬ, ಬೂಷ್ಟನ್ನು ಹೋಲುವ ಸೂಕ್ಷ್ಮಜೀವಿ. ಮೊದಲು ಮೈಮೇಲೆ ಕೆಂಪು ಚುಕ್ಕೆ, ಬಳಿಕ ಮಾಂಸದೊಳಕ್ಕೆ ಇಳಿಯುವ ಹುಣ್ಣು. ಕಟ್ಲಾ, ರೋಹು, ಮೃಗಾಲ್ ಮರಿಗಳಿಗೆ ಅಪಾಯ ಹೆಚ್ಚು. ತಿಲಾಪಿಯಾ ಮತ್ತು ಸಾಮಾನ್ಯ ಗೆಂಡೆ ಇದನ್ನು ತಡೆದುಕೊಳ್ಳುತ್ತವೆ. ಜೋರು ಮಳೆಯ ನಂತರ, ನೀರು ತಣ್ಣಗಾಗಿ ಅದರ ಕ್ಷಾರಗುಣ ಇಳಿದಾಗ ರೋಗ ತಲೆಯೆತ್ತುತ್ತದೆ. ನಮ್ಮ ಮುರಕಲ್ಲಿನ ಮಣ್ಣೇ ಆಮ್ಲಗುಣದ್ದು, ಮಳೆಯೂ ಜೋರು. ಹಾಗಾಗಿ ನಮಗೆ ಎಚ್ಚರ ಹೆಚ್ಚು ಬೇಕು.

ಇದಕ್ಕೆ ಅಗ್ಗದ ಕಾವಲು ಸುಣ್ಣ. ಮರಿ ಬಿಡುವ ಮೊದಲು ಕೆರೆ ಒಣಗಿಸಿ, ಹೆಕ್ಟೇರಿಗೆ ಸುಮಾರು 200 ಕಿಲೋ, ಅಂದರೆ 10 ಸೆಂಟ್ಸಿನ ಕೆರೆಗೆ ಸುಮಾರು 8 ಕಿಲೋ ಸುಣ್ಣ ಹಾಕಬೇಕು. ಮೀನಿರುವ ಕೆರೆಗೆ ನೀರಿನ ಪಿಎಚ್ ಪರೀಕ್ಷಿಸದೆ ಸುಣ್ಣ ಸುರಿಯಬಾರದು. ಪಿಎಚ್ 7ರಿಂದ 8.5ರೊಳಗಿದ್ದರೆ ಒಳ್ಳೆಯದು. ಹುಣ್ಣು ಕಾಣಿಸಿದ ಆರಂಭದಲ್ಲೇ ಭುವನೇಶ್ವರದ ಕೇಂದ್ರೀಯ ಸಿಹಿನೀರು ಮತ್ಸ್ಯಕೃಷಿ ಸಂಸ್ಥೆ ರೂಪಿಸಿದ ಸಿಫಾಕ್ಸ್ ಬಳಸಬಹುದು. 1 ಮೀಟರ್ ಆಳದ 1 ಹೆಕ್ಟೇರ್ ನೀರಿಗೆ 1 ಲೀಟರ್ ಸಾಕು. ಅದೇ ಆಳದ 10 ಸೆಂಟ್ಸಿನ ಕೆರೆಗೆ ಸುಮಾರು 40 ಮಿಲಿಲೀಟರ್.

ತೋಟವಿರುವವರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಮದ್ದು ಬಿಡುವಾಗ ಮೈಲುತುತ್ತಿನ ನೀರು ಕೆರೆಗೆ ಇಳಿಯದಂತೆ ನೋಡಿಕೊಳ್ಳಬೇಕು. ತಾಮ್ರ ಮೀನಿಗೆ ವಿಷ. ನಮ್ಮ ಮೆದು ನೀರಿನಲ್ಲಂತೂ ಅದರ ಕಾಟ ಮತ್ತೂ ಹೆಚ್ಚು. ಡ್ರಮ್ಮು, ಪಂಪು ತೊಳೆಯುವುದೂ ಕೆರೆಯಿಂದ ದೂರವೇ ಆಗಲಿ.

ಎಲ್ಲ ಸಾವೂ ರೋಗದಿಂದಲ್ಲ. ಬೆಳಗಿನ ಜಾವ ಮೀನುಗಳೆಲ್ಲ ಒಟ್ಟಿಗೆ ಮೇಲೆ ಬಂದು ಬಾಯಿ ಬಿಡುತ್ತಿದ್ದು, ಬಿಸಿಲೇರಿದಾಗ ಸರಿಯಾದರೆ ಅದು ಹೆಚ್ಚಾಗಿ ಆಮ್ಲಜನಕದ ಕೊರತೆ. ಅಂಥ ದಿನ ಆಹಾರ ನಿಲ್ಲಿಸಿ, ಪಂಪಿನಿಂದ ನೀರನ್ನು ಮೇಲಿನಿಂದ ಚಿಮ್ಮಿಸಿದರೆ ಮೀನು ಚೇತರಿಸಿಕೊಳ್ಳುತ್ತದೆ. ಮೀನು ಕಲ್ಲಿಗೆ ಮೈಯುಜ್ಜುತ್ತಿದ್ದರೆ ಹಿಡಿದು ನೋಡಿ. ಕಣ್ಣಿಗೇ ಕಾಣುವ ಮೀನು ಹೇನು ಅಂಟಿಕೊಂಡಿರಬಹುದು.

ಕಾರಣ ತಿಳಿಯದೆ ಪ್ರತಿಜೈವಿಕ ಮದ್ದು ಸುರಿಯುವ ಚಾಳಿ ಮಾತ್ರ ಬೇಡವೇ ಬೇಡ. ಹುಣ್ಣು ರೋಗದ ಮೂಲಕ್ಕೆ ಅದು ನಾಟುವುದಿಲ್ಲ. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ಗಳಿಗೆ ಮೀನು ಸಾಕಣೆಯಲ್ಲಿ ನಿಷೇಧವೇ ಇದೆ. ನಾವು ಕೆರೆಗೆ ಹಾಕಿದ್ದು ಕೊನೆಗೆ ಸೇರುವುದು ನಮ್ಮದೇ ಮಕ್ಕಳ ತಟ್ಟೆಗೆ.

ಸತ್ತ ಮೀನನ್ನು ತೋಡಿಗೆ ಎಸೆಯದೆ ಸುಣ್ಣ ಹಾಕಿ ಹೂಳಬೇಕು. ಬಲೆಯನ್ನು ಬಿಸಿಲಿಗೆ ಒಣಗಿಸದೆ ಇನ್ನೊಂದು ಕೆರೆಗೆ ಇಳಿಸಬಾರದು. ಸಮೀಪದ ಮತ್ಸ್ಯ ಭವನಕ್ಕೆ ಕೂಡಲೇ ತಿಳಿಸಬೇಕು. ವ್ಯಾಪಾರ ಕೆಡುತ್ತದೆಂಬ ಭಯದಿಂದ ರೋಗವನ್ನು ಮುಚ್ಚಿಡುವವರುಂಟು. ಆದರೆ ಮಳೆಗಾಲದಲ್ಲಿ ನಮ್ಮ ಕೆರೆಯ ನೀರು ಉಕ್ಕಿ ಹರಿಯುವುದು ಕೆಳಗಿನ ಮನೆಯವರ ಕೆರೆಗೇ. ಅವರಿಗೆ ಹೊತ್ತಿಗೆ ಸರಿಯಾಗಿ ಒಂದು ಮಾತು ಹೇಳಿದರೆ ಅವರ ಕೆರೆಯಾದರೂ ಉಳಿದೀತು.