ಒಡೆದ ಟ್ಯೂಬ್‌ಲೈಟ್‌ನೊಳಗಿನ ವಿಷ: ಪಾದರಸ ಮತ್ತು ಕಾರ್ಮಿಕನ ಆರೋಗ್ಯ

ನೆಲಮಂಗಲ: ತಾಲ್ಲೂಕಿನ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲಿ 2005ರಲ್ಲಿ ಆರಂಭಗೊಂಡ 'ಇ-ಪರಿಸರ' ಘಟಕವು ದೇಶದ ಮೊದಲ ಅಧಿಕೃತ ಇ-ತ್ಯಾಜ್ಯ ಸಂಸ್ಕರಣಾ ಕೇಂದ್ರವೆಂದು ಹೆಸರಾಗಿದೆ. ಆದರೆ ರಾಜಧಾನಿಯ ಹಳೆಯ ಕಂಪ್ಯೂಟರ್, ಟಿ.ವಿ., ಕೊಳವೆ ದೀಪಗಳೆಲ್ಲವೂ ಇಂತಹ ಘಟಕಗಳನ್ನು ತಲುಪುವುದಿಲ್ಲ. ದೊಡ್ಡ ಪಾಲು ಗುಜರಿ ಅಂಗಡಿಗಳಲ್ಲಿ, ಬರಿಗೈಯಲ್ಲಿ ಬಿಚ್ಚಲ್ಪಡುತ್ತದೆ. ಅಲ್ಲಿ ಕೆಲಸಗಾರನ ಕಣ್ಣಿಗೆ ಬೀಳದ ಅಪಾಯವೆಂದರೆ ಪಾದರಸ.

ಒಂದು ಕೊಳವೆ ದೀಪದಲ್ಲಿರುವ ಪಾದರಸ ಕೆಲವೇ ಮಿಲಿಗ್ರಾಂ. ಅಷ್ಟರಿಂದೇನು ಎಂದು ಕೇಳಬಹುದು. 1948ರ ಕಾರ್ಖಾನೆ ಕಾಯ್ದೆಯು ಪಾದರಸದ ಆವಿಗೆ ವಿಧಿಸಿದ್ದ ಮಿತಿ ಘನ ಮೀಟರ್ ಗಾಳಿಗೆ 0.05 ಮಿಲಿಗ್ರಾಂ. ಐದು ಮಿಲಿಗ್ರಾಂ ಪೂರ್ತಿ ಆವಿಯಾದರೆ ಅದನ್ನು ಆ ಮಿತಿಗೆ ಇಳಿಸಲು 100 ಘನ ಮೀಟರ್ ಗಾಳಿ, ಅಂದರೆ ಸಾಕಷ್ಟು ದೊಡ್ಡದೊಂದು ಕೋಣೆ, ಬೇಕಾಗುತ್ತದೆ. ಕಿಟಕಿಯಿಲ್ಲದ ಶೆಡ್ಡಿನಲ್ಲಿ ದಿನಕ್ಕೆ ನೂರಾರು ದೀಪ ಒಡೆಯುವವನ ಲೆಕ್ಕವನ್ನು ಓದುಗರೇ ಮಾಡಬಹುದು.

ನುಂಗಿದ ದ್ರವರೂಪದ ಪಾದರಸ ಬಹುತೇಕ ಹಾಗೆಯೇ ಹೊರಹೋಗುತ್ತದೆ. ಜನರ ಭಯ ಮಾತ್ರ ಅದರ ಮೇಲೆಯೇ ಹೆಚ್ಚು. ನಿಜವಾದ ಅಪಾಯ ಉಸಿರಿನದು. ಬಣ್ಣ, ವಾಸನೆಗಳಿಲ್ಲದ ಈ ಆವಿಯ ಸುಮಾರು ಶೇ. 80ರಷ್ಟನ್ನು ಶ್ವಾಸಕೋಶ ಹೀರಿಕೊಳ್ಳುತ್ತದೆ. ಅಲ್ಲಿಂದ ಅದು ಮಿದುಳು, ಮೂತ್ರಪಿಂಡಗಳನ್ನು ಸೇರುತ್ತದೆ. ಬೆರಳುಗಳ ಸಣ್ಣ ನಡುಕ, ನಿದ್ರಾಹೀನತೆ, ಮರೆವು, ಕಾರಣವಿಲ್ಲದ ಸಿಡುಕು ಅಥವಾ ಅತಿ ಸಂಕೋಚ, ಒಸಡಿನ ಊತ, ಮೂತ್ರದಲ್ಲಿ ಪ್ರೋಟೀನ್ ಇವು ಲಕ್ಷಣಗಳು. ಕುಡಿತದ ಪರಿಣಾಮವೆಂದೋ ಮನೋವ್ಯಾಕುಲತೆಯೆಂದೋ ಇವನ್ನು ತಳ್ಳಿಹಾಕುವುದು ಸುಲಭ. ಬಟ್ಟೆಗಂಟಿದ ಪಾದರಸ ಮನೆಗೂ ಬರುತ್ತದೆ.

ಪತ್ತೆಗೆ ಮೂತ್ರ ಪರೀಕ್ಷೆಯೇ ಮುಖ್ಯ. ಆದರೆ ದೇಹದಲ್ಲಿನ ಪಾದರಸ ಸುಮಾರು ಎರಡು ತಿಂಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಕೆಲಸ ಬಿಟ್ಟು ವರ್ಷಗಳ ಬಳಿಕ ಪರೀಕ್ಷಿಸಿದರೆ ಫಲಿತಾಂಶ ಸಹಜವೆಂದೇ ಬರಬಹುದು. ಹಾನಿ ಮಾತ್ರ ಉಳಿದಿರುತ್ತದೆ. ನೆರೆಯ ಕೊಡೈಕೆನಾಲ್‌ನಲ್ಲಿ ಹಿಂದೂಸ್ತಾನ್ ಲಿವರ್‌ನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ತಮ್ಮ ಕಾಯಿಲೆಗೆ ಪಾದರಸವೇ ಕಾರಣವೆಂದು ಕಾರ್ಮಿಕರು ವಾದಿಸಿದರೆ ಕಂಪನಿ ಅದನ್ನು ನಿರಾಕರಿಸುತ್ತಲೇ ಬಂತು. 591 ಮಾಜಿ ಕಾರ್ಮಿಕರೊಡನೆ ಒಪ್ಪಂದವಾಗಲು 2016 ಬರಬೇಕಾಯಿತು.

ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿಯೇ ಪಾದರಸ ವಿಷವು ವೈದ್ಯರು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವಾಗಿತ್ತು. ಆದರೆ ಗುಜರಿ ಅಂಗಡಿಗೆ ಹಾಜರಿ ಪುಸ್ತಕವೂ ಇಲ್ಲ, ಕಾರ್ಖಾನೆ ವೈದ್ಯನೂ ಇಲ್ಲ. ದೇವನಹಳ್ಳಿ ಸಮೀಪದ ಕಣ್ಣಮಂಗಲದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರವಿದೆ ಎಂಬುದೂ ಈ ಕೆಲಸಗಾರರಲ್ಲಿ ಎಷ್ಟು ಮಂದಿಗೆ ಗೊತ್ತು?

ಭಾರತ 2018ರಲ್ಲಿ ಅನುಮೋದಿಸಿದ ಮಿನಮಾಟ ಒಪ್ಪಂದದ ಪ್ರಕಾರ ಪಾದರಸದ ಕೊಳವೆ ದೀಪಗಳ ತಯಾರಿಕೆ 2027ರೊಳಗೆ ನಿಲ್ಲಬೇಕು. ಈಗಾಗಲೇ ಮನೆ, ಕಚೇರಿಗಳಲ್ಲಿ ಉರಿಯುತ್ತಿರುವ ದೀಪಗಳು ಮಾತ್ರ ಅದರ ನಂತರವೂ ವರ್ಷಗಟ್ಟಲೆ ಗುಜರಿಗೆ ಬರುತ್ತಲೇ ಇರುತ್ತವೆ.